ಇದೆ, ಕೆಟ್ಟಿಲ್ಲ

ಹೊದಿಕೆ ಎತ್ತಿದರೆ ಕೆಳಗೆ ಆಕ್ಸಿಜನ್ ಮೆಷಿನ್ ಇಲ್ಲ. ಮರದ ಪೆಟ್ಟಿಗೆ ಇದೆ.

ಪಾಸ್ಟರ್ ಹೊದಿಕೆಯ ತುದಿ ಹಿಡಿದುಕೊಂಡು ಹಾಗೇ ನಿಂತುಬಿಟ್ಟರು. ಟೀಚರಮ್ಮನ ಮಗಳು ಪೆಟ್ಟಿಗೆಯನ್ನು ಕಾಲಿಂದ ಒದ್ದಳು. ಟೊಳ್ಳು ಸದ್ದು ಬಂತು. ಎರಡು ಬೀದಿ ಆಚೆ ಅವಳ ತಾಯಿ ಮಂಚದ ಅಂಚಿಗೆ ಕೂತು, ಎರಡೂ ಕೈ ಊರಿ, ಉಸಿರಿಗಾಗಿ ಒದ್ದಾಡುತ್ತಿದ್ದರು. ಆಂಬುಲೆನ್ಸ್ ಬರುವವರೆಗೆ ಈ ಮೆಷಿನ್ ಸಿಕ್ಕಿದರೆ ಸಾಕೆಂದು ಮಗಳು ಚರ್ಚಿಗೆ ಓಡಿ ಬಂದಿದ್ದಳು.

"ಮಾವ ಎಲ್ಲಿ?" ಅಂದಳು. ಚರ್ಚಿನ ಈ ಕೋಣೆ ನೋಡಿಕೊಳ್ಳುವವನು ಅವಳ ಸೋದರಮಾವ.

"ನಿನ್ನೆನೇ ದೊಡ್ಡ ಪೇಟೆಗೆ ಹೋದ. ಗಾಲಿಕುರ್ಚಿ ಚಕ್ರ ರಿಪೇರಿ ಮಾಡಿಸೋಕೆ. ಬೀಗದ ಕೈ ನನಗೆ ಕೊಟ್ಟು ಹೋದ."

ಅವಳು ಮಾವನಿಗೆ ಫೋನ್ ಮಾಡಿದಳು. ಫೋನು ಅದೇ ಕೋಣೆಯಲ್ಲಿ, ಮೇಜಿನ ಖಾನೆಯೊಳಗೆ ರಿಂಗಾಯಿತು. ಪಾಸ್ಟರ್ ಖಾನೆ ಎಳೆದರು. ಬಿಳಿ ಬಟ್ಟೆಯಲ್ಲಿ ಅಚ್ಚುಕಟ್ಟಾಗಿ ಸುತ್ತಿಟ್ಟಿತ್ತು. ಚರ್ಚಿನ ಸಭೆಯವರು ಅವನಿಗೆ ಕೊಡಿಸಿದ ಫೋನು. ದಾರಿಯಲ್ಲಿ ಕಳೆದುಹೋದೀತೆಂದು ಬಿಟ್ಟು ಹೋಗಿದ್ದ ಪುಣ್ಯಾತ್ಮ.

ಆಂಬುಲೆನ್ಸ್ ಬಂತು, ಆದರೆ ತಡವಾಗಿ ಬಂತು. ಟೀಚರಮ್ಮ ಆಸ್ಪತ್ರೆಯ ಬಾಗಿಲು ನೋಡಲಿಲ್ಲ.

* * *

ಇನ್‌ಸ್ಪೆಕ್ಟರಮ್ಮ ಬಂದಾಗ ಚರ್ಚಿನ ಅಂಗಳದಲ್ಲಿ ಜನ ಸೇರಿದ್ದರು. ಅವಳು ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡಳು. ಇದೇ ಅಂಗಳದಲ್ಲಿ ಟೀಚರಮ್ಮನ ಮುಂದೆ ಚಾಪೆ ಮೇಲೆ ಕೂತು ಬೈಬಲ್ ಪಾಠ ಕಲಿತವಳು ಅವಳು. "ದೇವರು ಕೊಟ್ಟಿದ್ದು ಅಂದ್ರೆ ನಿನ್ನದು ಅಂತಲ್ಲ ಮಗೂ, ನಿನ್ನ ಕೈಲಿ ಇಟ್ಟಿದ್ದು ಅಂತ" ಎಂದು ಟೀಚರಮ್ಮ ಹೇಳುತ್ತಿದ್ದುದು ಈಗಲೂ ಕಿವಿಯಲ್ಲಿತ್ತು.  ಒಳಗೆ ಹೋದಳು.

ಎರವಲು ಕೋಣೆ ಅಂತ ಅದರ ಹೆಸರು. ಊರುಗೋಲು, ಗಾಲಿಕುರ್ಚಿ, ರೋಗಿಯ ಮಂಚ, ಆಕ್ಸಿಜನ್ ಮೆಷಿನ್. ಯಾವ ಮನೆಯಲ್ಲಿ ಕಾಯಿಲೆ ಬಿದ್ದರೂ ಸಭೆಯವರು ಎರವಲು ಕೊಡುತ್ತಾರೆ. ವಾಸಿಯಾದ ಮೇಲೆ ವಾಪಸು. ನೋಡಿಕೊಳ್ಳುವವನು ಟೀಚರಮ್ಮನ ತಮ್ಮ. ಎಲ್ಲರೂ ಅವನನ್ನು ಪಾರುಪತ್ಯದಣ್ಣ ಅನ್ನುತ್ತಾರೆ. ಅರ್ಧ ಗೌರವ, ಅರ್ಧ ತಮಾಷೆ. ಗಂಟೆ ಹೊಡೆಯುವವನೂ ಅವನೇ, ಗುಡಿಸುವವನೂ ಅವನೇ. ಕೋಣೆಯಲ್ಲಿ ಹುಡುಕಿದರೂ ಒಂದು ಕೂದಲು ಸಿಗದು.

ಬೀಗ ಮುರಿದಿರಲಿಲ್ಲ. ಕಿಟಕಿಯ ಸರಳುಗಳು ಗಟ್ಟಿಯಾಗಿದ್ದವು. ಪೆಟ್ಟಿಗೆಯನ್ನು ಮಗುಚಿ ನೋಡಿದಳು. ಬುಡದ ಹಲಗೆ ನೀರು ಕುಡಿದು ಕಪ್ಪಗಾಗಿತ್ತು.

"ಮೆಷಿನ್ ಕೊನೇ ಸಲ ನೋಡಿದ್ದು ಯಾವಾಗ ಪಾಸ್ಟರ್?"

"ದಿನಾ ನೋಡ್ತಿದ್ದೆನಲ್ಲಮ್ಮ." ಪಾಸ್ಟರ್ ತಡವರಿಸಿದರು. "ಅಂದ್ರೆ, ಹೊದಿಕೆ ನೋಡ್ತಿದ್ದೆ. ಟೀಚರಮ್ಮನೇ ಹೊಲಿದು ಕೊಟ್ಟ ಹೊದಿಕೆ. ಬರೋ ಭಾನುವಾರ ಎಲ್ಲಾ ಒಪ್ಪಿಸಬೇಕಿತ್ತು."

"ಒಪ್ಪಿಸೋದು ಅಂದ್ರೆ? ನಾನು ಚರ್ಚಿಗೆ ಬಂದು ಎಷ್ಟೋ ಕಾಲ ಆಯ್ತು."

"ವರ್ಷಕ್ಕೊಂದು ಸಲ ಕೋಣೆಯ ಸಾಮಾನೆಲ್ಲ ಬಲಿಪೀಠದ ಮುಂದೆ ತಂದಿಡ್ತಾನೆ. ನಾನು ಒಂದೊಂದರ ಹೆಸರು ಕೂಗ್ತೀನಿ. ಅವನು 'ಇದೆ, ಕೆಟ್ಟಿಲ್ಲ' ಅಂತಾನೆ. ಸಭೆ ಆಮೆನ್ ಅನ್ನುತ್ತೆ."

"ಕೆಟ್ಟಿದ್ರೆ?"

"ಕೆಟ್ಟಿದೆ ಅಂತ ಹೇಳಲೇಬೇಕು. ಹೋದ ಸಲ ಹಳೇ ಮೆಷಿನ್ ಹಾಗೇ ಆಯ್ತು. ಯಾರೋ ಒಲೆ ಪಕ್ಕ ಇಟ್ಟು ಹೊಗೆ ಕುಡಿಸಿದ್ರು. ಕೆಟ್ಟಿದೆ ಅಂತ ಹೇಗೋ ಅಂದ. ಎಲ್ಲರ ಮುಂದೆ ಅತ್ತುಬಿಟ್ಟ. ಅದಾದ ಮೇಲೆ ಈ ಹೊಸದು ಬಂತು."

ಹೊರಗಿಂದ ಸಭೆಯ ಹಿರಿಯರೊಬ್ಬರು ತಲೆ ಹಾಕಿದರು. "ಅಮ್ಮಾ, ಸುಮ್ಮನೆ ಯಾಕೆ ಅಲೀತೀರಿ? ಕಳ್ಳ ಇಲ್ಲೇ ಇದ್ದಾನೆ. ವ್ಯಾನ್ ಓಡಿಸ್ತಾನಲ್ಲ, ಪೀಪಿ. ನಿನ್ನೆ ಸಂಜೆ ವ್ಯಾನನ್ನ ಈ ಬಾಗಿಲ ಮುಂದೆನೇ ನಿಲ್ಲಿಸಿದ್ದ. ನಾಯಿ ಬಾಲ ಡೊಂಕೇ."

ತಿರುವು ಇರಲಿ ಇಲ್ಲದಿರಲಿ ಹಾರ್ನ್ ಒತ್ತುವವನು, ಅದಕ್ಕೆ ಪೀಪಿ. ಹಿಂದೆ ಲಾರಿಗಳ ಬ್ಯಾಟರಿ ಕದ್ದು ಜೈಲು ಕಂಡು ಬಂದವನು. ಯಾರೂ ಕೆಲಸ ಕೊಡದಾಗ ಟೀಚರಮ್ಮನೇ ಹಟ ಹಿಡಿದು ಸಭೆಯ ವ್ಯಾನಿಗೆ ಹಾಕಿಸಿದ್ದರು.

* * *

ಪೀಪಿ ಸ್ಟೇಷನ್ನಿನ ಬೆಂಚಿನ ಮೇಲೆ ತಾನಾಗಿ ಬಂದು ಕೂತಿದ್ದ.

"ನಿನ್ನನ್ನ ಯಾರು ಕರೆದ್ರು?"

"ಯಾರೂ ಇಲ್ಲ ಮೇಡಂ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ. ನಾನು ಯಾರೂ ಏನೂ ಅನ್ನದೆನೇ ಮುಟ್ಕೋತೀನಿ. ಅಭ್ಯಾಸ ಆಗಿಹೋಗಿದೆ."

"ನಿನ್ನೆ ಸಂಜೆ ಅಲ್ಲಿ ಏನು ಮಾಡ್ತಿದ್ದೆ?"

"ಊರುಗೋಲು ವಾಪಸು ತಂದಿದ್ದೆ. ಬೀಗ ಹಾಕಿತ್ತು. ಬಾಗಿಲಿಗೆ ಒರಗಿಸಿ ಬಂದೆ." ಅವನು ಅಂಗೈ ನೋಡಿಕೊಂಡ. "ಮೇಡಂ, ಟೀಚರಮ್ಮನ ಉಸಿರು ಕದೀತೀನಾ ನಾನು?"

ನಿಜ ಹೇಳುತ್ತಿದ್ದಾನೆ ಅನ್ನಿಸಿತು. ಅನ್ನಿಸಿದ್ದು ಸಾಕ್ಷಿಯಲ್ಲ. ಮೇಲಿನವರಿಂದ ಆಗಲೇ ಕರೆ ಬಂದಿತ್ತು: ಹಳೇ ಕಳ್ಳ, ಬೀಗದ ಕೆಲಸ ಗೊತ್ತಿದ್ದವನು, ಒಂದು ಸಾವೂ ಆಗಿದೆ, ನಾಳೆ ಕೋರ್ಟಿಗೆ ಒಪ್ಪಿಸಿ. ಇನ್ನೊಮ್ಮೆ ಒಳಗೆ ಹೋದರೆ ಈ ಮನುಷ್ಯ ಮತ್ತೆ ಮನುಷ್ಯನಾಗಿ ಹೊರಗೆ ಬರುವುದಿಲ್ಲ. ಇನ್‌ಸ್ಪೆಕ್ಟರಮ್ಮನಿಗೆ ಅದು ಗೊತ್ತಿತ್ತು.

ಅವನನ್ನು ಸ್ಟೇಷನ್ನಿನಲ್ಲೇ ಕೂರಿಸಿ, ಮಧ್ಯಾಹ್ನ ಮತ್ತೆ ಚರ್ಚಿಗೆ ಹೋದಳು. ಹಿತ್ತಲಿನ ಹಗ್ಗದ ಮೇಲೆ ಹಾಡುವವರ ಬಿಳಿ ಅಂಗಿಗಳು ಒಣಗುತ್ತಿದ್ದವು. ಅವುಗಳ ನಡುವೆ ಅಂಗೈ ಅಗಲದ ಒಂದು ಕಪ್ಪು ಸ್ಪಂಜು, ಎರಡು ಕ್ಲಿಪ್ಪು ಹಾಕಿ ತೂಗುಹಾಕಿತ್ತು. ಪಾತ್ರೆ ತಿಕ್ಕುವ ಸ್ಪಂಜಿಗೆ ಇಷ್ಟು ಮರ್ಯಾದೆಯೇ ಅಂದುಕೊಂಡು ಮುಂದೆ ಹೋದಳು.

ಆಗ ಪಾರುಪತ್ಯದಣ್ಣ ಗೇಟಿನಲ್ಲಿ ಕಾಣಿಸಿದ. ಎರಡು ಹೆಗಲಿಗೂ ಒಂದೊಂದು ಚಕ್ರ ನೇತು ಹಾಕಿಕೊಂಡು, ಬೆವರುತ್ತಾ, ನಗುತ್ತಾ ಬಂದ. "ಹೊಸದರ ಹಾಗೆ ಮಾಡಿಕೊಟ್ಟಿದ್ದಾರೆ ಪಾಸ್ಟರ್," ಅಂದ.

 ಟೀಚರಮ್ಮನ ಮಗಳು, ಅವನ ಸೊಸೆ, ಮುಂದೆ ಬಂದು ಹೇಳಿದಳು. ಸೋದರಸೊಸೆ ಅನ್ನುವುದು ಸಂಬಂಧದ ಹೆಸರು, ಎತ್ತಿ ಆಡಿಸಿದ್ದು ಮಗಳ ಹಾಗೆ.

"ಮಾವ, ಅಮ್ಮ ಹೋದರು. ಉಸಿರು ಕಟ್ಟಿತು. ಮೆಷಿನ್ ಯಾರೋ ಕದ್ದುಬಿಟ್ಟಿದ್ದಾರೆ."

ಚಕ್ರಗಳು ಹೆಗಲಿಂದ ಜಾರಿ ಉರುಳಿಕೊಂಡು ಹೋದವು. ಅವನು ಅವಳ ಮುಖ ನೋಡಿದ, ಎರವಲು ಕೋಣೆಯ ಬಾಗಿಲು ನೋಡಿದ. ಬಾಯಿ ತೆರೆದ. ಮಾತು ಹೊರಡಲಿಲ್ಲ. ಅಲ್ಲೇ ಮಣ್ಣಿನ ಮೇಲೆ ಕುಸಿದ. ತಾಯಿ ಸತ್ತ ಮೇಲೆ ಅವನನ್ನು ಸಾಕಿ ಬೆಳೆಸಿದವಳು ಆ ಅಕ್ಕ. ದುಃಖಕ್ಕೆ ಬಾಯಿ ಕಟ್ಟಿತೆಂದು ಎಲ್ಲರೂ ತಿಳಿದರು. ಇನ್‌ಸ್ಪೆಕ್ಟರಮ್ಮನೂ ಹಾಗೇ ತಿಳಿದಳು.

* * *

ಇನ್ನೊಂದು ದಾರಿ ಉಳಿದಿತ್ತು. ಕದ್ದ ಮೆಷಿನ್ ಯಾರಾದರೂ ಕೊಳ್ಳಬೇಕಲ್ಲ? ಆಸ್ಪತ್ರೆ ಸಾಮಾನಿನ ಅಂಗಡಿಯವನು ಅವಳನ್ನು ನೋಡಿದ ಕೂಡಲೇ ಎದ್ದು ನಿಂತ.

"ನನ್ನ ಹತ್ರ ಬಂದಿಲ್ಲ ಮೇಡಂ. ಬೇಕಾದ್ರೆ ಗೋಡೌನ್ ನೋಡಿ. ಆದ್ರೆ ಒಂದು ಮಾತು. ಆ ಮೆಷಿನ್ ಕೆಟ್ಟಿತ್ತಂತಲ್ಲ, ಕದ್ದವನಿಗೇನು ಲಾಭ?"

"ಕೆಟ್ಟಿತ್ತು ಅಂತ ಯಾರು ಹೇಳಿದ್ರು?"

"ಗಾರೆ ಕೆಲಸದ ಮೇಸ್ತ್ರಿ ಹೆಂಡತಿ. ಮೇಸ್ತ್ರಿಗೆ ಎದೆಯೆಲ್ಲ ಸಿಮೆಂಟ್ ಧೂಳು. ಹೋದ ತಿಂಗಳು ಚರ್ಚಿಗೆ ಹೋದ್ರೆ 'ರಿಪೇರಿಗೆ ಹೋಗಿದೆ' ಅಂದ್ರಂತೆ. ನನ್ನ ಹತ್ರ ಬಾಡಿಗೆಗೆ ಕೇಳೋಕೆ ಬಂದಿದ್ಲು. ಬಾಡಿಗೆ ಕೇಳಿ ಹಾಗೇ ವಾಪಸು ಹೋದ್ಲು ಪಾಪ."

 ಇನ್‌ಸ್ಪೆಕ್ಟರಮ್ಮ ಅಂಥದೇ ಮೆಷಿನ್ ತೋರಿಸಲು ಹೇಳಿದಳು. ಅವನು ಒಂದನ್ನು ತಳ್ಳಿಕೊಂಡು ಬಂದ. ಕೆಳಗೆ ನಾಲ್ಕು ಪುಟ್ಟ ಚಕ್ರ. ಹಿಂದೆ ಒಂದು ಕಿಂಡಿ; ಕಿಂಡಿಯಲ್ಲಿ ಅಂಗೈ ಅಗಲದ ಕಪ್ಪು ಸ್ಪಂಜು.

"ಇದೇನು?"

"ಫಿಲ್ಟರು. ವಾರಕ್ಕೊಮ್ಮೆ ತೊಳೆದು ಒಣಗಿಸಿ ಹಾಕಬೇಕು. ಯಾರು ಮಾಡ್ತಾರೆ ಹೇಳಿ."

ಮಾಡುವವನೊಬ್ಬನಿದ್ದ. 

* * *

ಸಂಜೆ ಟೀಚರಮ್ಮನ ಮಣ್ಣು ಮುಗಿಸಿ ಜನ ಚದುರಿದ ಮೇಲೆ ಹಿತ್ತಲಿಗೆ ಹೋಗಿ ನೋಡಿದಳು. ಹಗ್ಗದ ಮೇಲೆ ಎರಡು ಕ್ಲಿಪ್ಪು ಮಾತ್ರ ಇದ್ದವು.

ಪಾರುಪತ್ಯದಣ್ಣ ಗಂಟೆಗೋಪುರದ ಮೆಟ್ಟಿಲ ಮೇಲೆ ಕೂತಿದ್ದ. ಸೊಸೆ ಪಕ್ಕದಲ್ಲಿ ನೀರಿನ ಲೋಟ ಹಿಡಿದು "ಒಂದು ಗುಟುಕು ಕುಡೀರಿ ಮಾವ" ಎಂದು ಬೇಡಿಕೊಳ್ಳುತ್ತಿದ್ದಳು. ಪಾಸ್ಟರ್ ಅಲ್ಲೇ ಇದ್ದರು.

"ಅಣ್ಣಾ," ಅಂದಳು ಇನ್‌ಸ್ಪೆಕ್ಟರಮ್ಮ, "ನಿಮ್ಮ ಹಿಂದಿರೋ ಬಾಗಿಲ ಬೀಗ ತೆಗೀರಿ."

"ಅದು ಗಂಟೆ ಹಗ್ಗ ಇಡೋ ಗೂಡು ಕಣಮ್ಮ, ಅವನೊಬ್ಬನೇ ತೆಗೆಯೋದು," ಅಂದರು ಪಾಸ್ಟರ್. "ಮೆಷಿನ್ ಹೋದ ದಿನ ಅವನು ಊರಲ್ಲೇ ಇರಲಿಲ್ಲ."

"ಯಾವ ದಿನ ಹೋಯ್ತು ಅಂತ ಯಾರಿಗೆ ಗೊತ್ತು ಪಾಸ್ಟರ್? ನೀವು ನೋಡ್ತಿದ್ದದ್ದು ಹೊದಿಕೆ." ಅವಳು ಗೂಡಿನ ಬಾಗಿಲಿನತ್ತ ಒಂದು ಹೆಜ್ಜೆ ಇಟ್ಟಳು. "ಕಳ್ಳನಾದವನು ಎತ್ತಿಕೊಂಡು ಓಡ್ತಾನೆ. ಕೆಳಗೆ ಪೆಟ್ಟಿಗೆ ಇಟ್ಟು, ಹೊದಿಕೆ ಹಾಕಿ, ಇದೆ ಅಂತ ಕಾಣಿಸೋ ಹಾಗೆ ಮಾಡಲ್ಲ. ಮೆಷಿನ್‌ಗೆ ಚಕ್ರ ಇದೆ, ನೆಲ ಒರೆಸೋವಾಗ ಸರಿಸಿ ಒರೆಸ್ತಾರೆ. ಆ ಪೆಟ್ಟಿಗೆಯ ಬುಡ ಒರೆಸೋ ನೀರು ಕುಡಿದು ಕುಡಿದು ಕಪ್ಪಾಗಿತ್ತು. ಅಂದ್ರೆ ಒರೆಸೋರು ಎಷ್ಟೋ ಕಾಲದಿಂದ ಅದನ್ನ ಸರಿಸದೆ, ಸುತ್ತ ಒರೆಸಿದ್ದಾರೆ. ಒಳಗಿರೋದು ಮೆಷಿನ್ ಅಲ್ಲ ಅಂತ ಅವರಿಗೆ ಗೊತ್ತಿತ್ತು. ಪೀಪಿ ವ್ಯಾನ್ ನಿಲ್ಲಿಸಿದ್ದು ನಿನ್ನೆ. ಮೇಸ್ತ್ರಿ ಹೆಂಡತಿಗೆ ರಿಪೇರಿಗೆ ಹೋಗಿದೆ ಅಂದಿದ್ದು ಪೀಪಿ ಅಲ್ಲ. ಇನ್ನು ಆ ಸ್ಪಂಜು. ಕದ್ದವನು ಯಾವನಾದ್ರೂ ಫಿಲ್ಟರ್ ತೊಳೆದು, ಕ್ಲಿಪ್ಪು ಹಾಕಿ ಒಣಗಿಸ್ತಾನಾ? ಮಧ್ಯಾಹ್ನ ಹಗ್ಗದ ಮೇಲಿತ್ತು. ಈಗಿಲ್ಲ. ಇವತ್ತೂ ತೆಗೆದು ಜೋಡಿಸಿದ್ದೀರಾ ಅಣ್ಣಾ?"

ಪಾರುಪತ್ಯದಣ್ಣ ಸೊಂಟದ ಗೊಂಚಲಿನಿಂದ ಒಂದು ಬೀಗದ ಕೈ ಬಿಡಿಸಿದ. ಬೀಗ ತೆಗೆದ.

ಒಳಗೆ, ಗಂಟೆಯ ಹಗ್ಗದ ಸುರುಳಿಯ ಪಕ್ಕ, ಬಿಳಿ ಬಟ್ಟೆ ಹೊದ್ದು ಮೆಷಿನ್ ನಿಂತಿತ್ತು. ಒಂದು ಗೀರೂ ಇರಲಿಲ್ಲ.

"ಕೊಟ್ಟರೆ ಕೆಡಿಸ್ತಾರೆ," ಅಂದ. ಯಾರ ಮುಖವನ್ನೂ ನೋಡಲಿಲ್ಲ. "ಹಳೇದನ್ನ ಕೆಡಿಸಿದ್ರು. ದೇವರ ಮುಂದೆ ನಿಂತು ಕೆಟ್ಟಿದೆ ಅಂದೆ. ಇನ್ನೊಂದು ಸಲ ಹಾಗೆ ಹೇಳೋಕೆ ನನ್ನ ಕೈಲಾಗ್ತಿರಲಿಲ್ಲ. ಒಪ್ಪಿಸೋ ದಿನಕ್ಕೆ ವಾಪಸು ಇಡೋಣ ಅಂತಿದ್ದೆ. ಅಕ್ಕಂಗೂ ಆಗಾಗ ಉಬ್ಬಸ ಬರೋದು. ಮುಂದೆ ಬೇಕಾಗುತ್ತೆ, ಅವಳಿಗೆ ಇರಲಿ ಅಂತಾನೂ..."



"ಪೀಪಿನ ಹಿಡಿದಿದ್ದಾರೆ ಅಂತ ಗೊತ್ತಿತ್ತಲ್ಲ?" ಅಂದಳು ಇನ್‌ಸ್ಪೆಕ್ಟರಮ್ಮ.

"ಗೊತ್ತಿತ್ತು. ಹೇಳಬೇಕು ಅಂತ ಬಂದೆ. ಇವಳು ನನಗೆ ನೀರು ತಂದ್ಕೊಟ್ಟಳು. ಯಾವ ಬಾಯಲ್ಲಿ ಹೇಳಲಿ?"

ಸೊಸೆಯ ಕೈಯಲ್ಲಿ ಲೋಟ ಹಾಗೇ ಇತ್ತು. ಅವಳು ಅದನ್ನು ಮೆಟ್ಟಿಲ ಮೇಲಿಟ್ಟಳು. ಒಳಗೆ ಹೋಗಿ ಪ್ಲಗ್ ಚುಚ್ಚಿ ಗುಂಡಿ ಒತ್ತಿದಳು. ಮೆಷಿನ್ ಗುರುಗುಟ್ಟಿ ಶುರುವಾಯಿತು. ಕೊಳವೆಯ ತುದಿಯನ್ನು ಕೆನ್ನೆಯ ಹತ್ತಿರ ಹಿಡಿದುಕೊಂಡಳು. ತಣ್ಣಗೆ ಗಾಳಿ ಬರುತ್ತಿತ್ತು. ಆಗ ಅತ್ತಳು, ಬೆಳಗಿಂದ ಅಳದಿದ್ದವಳು.

ಬೇಲಿಯೇ ಎದ್ದು ಹೊಲ ಮೇಯಿತು ಅನ್ನುತ್ತಾರೆ. ಈ ಬೇಲಿ ಒಂದು ತೆನೆಯನ್ನೂ ಮೇಯಲಿಲ್ಲ. ಹಸಿದವರನ್ನು ಒಳಗೆ ಬಿಡಲಿಲ್ಲ, ಅಷ್ಟೆ. ಸ್ಟೇಷನ್ನಿಗೆ ಹೋದ ಮೇಲೆ ಇನ್‌ಸ್ಪೆಕ್ಟರಮ್ಮ ಪೀಪಿಯನ್ನು ಕಳಿಸಿಕೊಟ್ಟಳು. ಕಾನೂನಿನಲ್ಲಿ ಪಾರುಪತ್ಯದಣ್ಣನಿಗೆ ತಕ್ಕದ್ದು ಏನಿದೆಯೆಂದು ಯೋಚಿಸಿದಳು. ಪೊಲೀಸರಿಗೆ ವಿಷಯ ಮುಚ್ಚಿಟ್ಟದ್ದಕ್ಕೆ ಏನೋ ಸಣ್ಣದೊಂದು ಶಿಕ್ಷೆ ಇತ್ತು. ಉಳಿದದ್ದಕ್ಕೆ ಏನೂ ಇರಲಿಲ್ಲ.

* * *

ಭಾನುವಾರ ಒಪ್ಪಿಸುವುದು ಬೇಡವೆಂದರು ಪಾಸ್ಟರ್. ಪಾರುಪತ್ಯದಣ್ಣ ಕೇಳಲಿಲ್ಲ. ಒಂದೊಂದೇ ಸಾಮಾನು ತಂದಿಟ್ಟ. ಇನ್‌ಸ್ಪೆಕ್ಟರಮ್ಮ ಎಷ್ಟೋ ವರ್ಷದ ಮೇಲೆ ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಮುಂದಿನ ಸಾಲಿನಲ್ಲಿ ಟೀಚರಮ್ಮನ ಜಾಗ ಖಾಲಿ ಇತ್ತು.

"ಊರುಗೋಲು."

"ಇದೆ, ಕೆಟ್ಟಿಲ್ಲ."

"ಆಮೆನ್."

"ಗಾಲಿಕುರ್ಚಿ."

"ಇದೆ, ಕೆಟ್ಟಿಲ್ಲ."

"ಆಮೆನ್."

 ಪಾಸ್ಟರ್ ಮುಂದಿನದನ್ನು ಕೂಗಿದರು. "ಆಕ್ಸಿಜನ್ ಮೆಷಿನ್."

"ಇದೆ," ಅಂದ ಪಾರುಪತ್ಯದಣ್ಣ. "ಕೆಟ್ಟಿಲ್ಲ." ಯಾರೂ ಆಮೆನ್ ಅನ್ನಲಿಲ್ಲ. ಅವನೂ ಅದಕ್ಕೆ ಕಾಯಲಿಲ್ಲ. "ಯಾರಿಗೂ ಕೊಟ್ಟಿಲ್ಲ," ಅಂದ. "ಕೇಳಿಕೊಂಡು ಬಂದವರಿಗೆ ಸುಳ್ಳು ಹೇಳಿದೆ. ನನ್ನಕ್ಕನಿಗೂ ಸಿಗದ ಹಾಗೆ ಕಾದೆ."

ಟೀಚರಮ್ಮನ ಮಗಳು ಎದ್ದಳು. ಬಲಿಪೀಠದ ಹತ್ತಿರ ಹೋಗಿ, ತಾಯಿ ಹೊಲಿದ ಹೊದಿಕೆಯನ್ನು ಮೆಷಿನ್ ಮೇಲಿಂದ ಎಳೆದಳು. ಮಾವನ ಕೈಗೆ ಕೊಟ್ಟಳು.

"ಇದು ನಿಮ್ಮ ಹತ್ರ ಇರಲಿ ಮಾವ. ಮೆಷಿನ್ ಮೇಸ್ತ್ರಿ ಮನೆಗೆ ಹೋಗುತ್ತೆ."

ಪುಟ್ಟ ಚಕ್ರಗಳು ಸಾಲುಗಳ ನಡುವೆ ಸದ್ದು ಮಾಡುತ್ತಾ ಹೋದವು. ಬಾಗಿಲಲ್ಲಿ ಪೀಪಿ ಕಾದಿದ್ದ. ಇಬ್ಬರೂ ಸೇರಿ ಎತ್ತಿ ವ್ಯಾನಿಗೆ ಇಟ್ಟರು. ವ್ಯಾನು ಹೊರಟಿತು. ಮೊದಲ ತಿರುವಿನಲ್ಲಿ ಹಾರ್ನ್ ಕೇಳಿಸಿತು, ಎರಡನೆಯದರಲ್ಲಿ ಇನ್ನೂ ಸಣ್ಣಗೆ.

ಪಾರುಪತ್ಯದಣ್ಣ ಅಲ್ಲೇ ನಿಂತಿದ್ದ. ಸಭೆಯೆಲ್ಲ ನೋಡುತ್ತಿರುವಾಗಲೇ, ಖಾಲಿ ಹೊದಿಕೆಯನ್ನು ಅಂಚಿಗೆ ಅಂಚು ಕೂಡಿಸಿ, ಸುಕ್ಕು ಬೀಳದ ಹಾಗೆ ಮಡಿಸತೊಡಗಿದ.