ಸೀಸದ ಜೇಬುಗಳು

"ತೂಕದಾಗ ಮೋಸ ಮಾಡಾವ್ರಿಗೆ ನಾ ಹೊಲದು ಕೊಡಾಂಗಿಲ್ರಿ. ಹೋಗ್ರಿ."

ಸಿದ್ದೀಕಾ ಹೊಲಿಗೆ ಮಷಿನ್ನಿನಿಂದ ತಲೆ ಎತ್ತದೆಯೇ ಹೇಳಿದಳು. ಬಂದವನ ಕೈಯಲ್ಲಿ ಸೀಸದ ಗಟ್ಟಿಗಳಿದ್ದವು. ಅವನ್ನು ತುಂಬಲು ದಪ್ಪ ಬಟ್ಟೆಯ ಜೇಬು ಬೇಕಂತೆ. ಮುದ್ದೇಬಿಹಾಳದ ಮಾರ್ಕೆಟ್ ಯಾರ್ಡ್ ಅವಳ ಅಂಗಡಿಯ ಎದುರಿಗೇ ಇತ್ತು. ತೊಗರಿ ಚೀಲದಲ್ಲಿ ಜನ ಏನೇನು ಅಡಗಿಸುತ್ತಾರೆಂದು ಅವಳು ಕಾಣದವಳಲ್ಲ.

"ಚೀಲಕ್ಕಲ್ರಿ, ನನಗ. ನಾ ಡೈವರ್ ಅದೇನಿ."

"ಡ್ರೈವರ್‌ಗೆ ಸೀಸಾ ಎದಕ್ಕ?"

"ಡೈವರ್ ರೀ. ನೀರಾಗ ಮುಳುಗಾವ."

ಆಗ ಅವಳು ನೋಡಿದಳು. ಕನ್ನಡಕ ಬಿಗಿದಿದ್ದ ಕಡೆ ಅವನ ಕಣ್ಣ ಸುತ್ತ ಕೆಂಪು ಗೆರೆ ಎದ್ದಿತ್ತು. ನಗು ತಡೆಯಲು ಅವಳು ದಾರ ಕಚ್ಚಿದಳು.

ಹೆಸರು ದಿಲಾವರ, ಇಂಡಿ ಕಡೆಯ ಅಗರಖೇಡದವನು. ಪಟ್ಟಣಕ್ಕೆ ಹೊಳೆಯಿಂದ ನೀರು ಎಳೆಯುವ ಪೈಪಿನ ಬಾಯಿಗೆ ಕಬ್ಬಿಣದ ಜಾಲರಿಯಿದೆ. ಅದಕ್ಕೆ ಕಸ ಮೆತ್ತಿ ನಾಲ್ಕು ದಿನದಿಂದ ನಲ್ಲಿಗಳು ಒಣಗಿದ್ದವು. ಅದನ್ನು ಬಿಡಿಸಲು ಬಂದವನು ಇವನು. ಹೊಲಸು ನೀರೆಂದು ಮೈಗೆ ಹನಿಯೂ ತಾಗದ ಡ್ರೈಸೂಟ್ ತೊಟ್ಟು ಇಳಿದಿದ್ದ.

"ಸೂಟಿನೊಳಗ ಗಾಳಿ ಇರತೈತ್ರಿ. ನನ್ನ ಸೀಸಾ ಎಲ್ಲಾ ಹೆಗಲ ಹತ್ರ ಕಟ್ಟೈತಿ. ಹಂಗಾಗಿ ತಲಿ ಕೆಳಗ ಹೊಕ್ಕೈತಿ, ಗಾಳಿ ಕಾಲಿಗೆ ಏರತೈತಿ. ನಿನ್ನೆ ಅರ್ಧ ತಾಸು ಬಾವಲಿ ಆಗಿದ್ದೆ ನೋಡ್ರಿ. ಕಾಲು ಬಡದು ಕೆಸರೆಲ್ಲಾ ಎದ್ದು, ನನ್ನ ಕೈ ನನಗ ಕಾಣವಲ್ದು."

ಸಿದ್ದೀಕಾ ಗಟ್ಟಿಯಾಗಿ ನಕ್ಕಳು. ನಕ್ಕ ಮೇಲೆ ತಾನೇ ಬೆಚ್ಚಿದಳು. ಈ ಅಂಗಡಿಯಲ್ಲಿ ಅವಳು ನಕ್ಕು ಎಷ್ಟೋ ತಿಂಗಳಾಗಿತ್ತು.

ಯಾಕೆಂದರೆ ಮಷಿನ್ನಿನ ಮೇಲೆ ಆಗ ಅವಳ ಅಕ್ಕ ಹುಮಾಳ ನಿಕಾಹದ ಕುರ್ತಾ ಇತ್ತು. ಹುಮಾ ತೀರಿಕೊಂಡು ಎರಡು ವರ್ಷ. ಸಿಂದಗಿಯಲ್ಲಿರುವ ಭಾವ ಮಹಮ್ಮದಹನೀಫನಿಗೇ ಸಿದ್ದೀಕಾಳನ್ನು ಕೊಡುವುದೆಂದು ಎರಡೂ ಮನೆಯ ಹಿರಿಯರು ಮಾತಾಡಿ ಮುಗಿಸಿದ್ದರು. ಹುಮಾಳ ನಾಲ್ಕು ವರ್ಷದ ಮಗಳಿಗೆ ತಾಯಿ ಬೇಕಲ್ಲ? ಹನೀಫನ ತಾಯಿ ಅಮೀನಾಬಿ ಕುರ್ತಾ ಕಳಿಸಿ, "ಎರಡಿಂಚು ಒಳಗ ಹಿಡಿ, ನಿನಗ ಬರತೈತಿ" ಎಂದಿದ್ದಳು. ಎಲ್ಲರೂ ಒಳ್ಳೆಯವರೇ. ಸಿದ್ದೀಕಾಳಿಗೆ ಬೈಯಲು ಒಬ್ಬರೂ ಸಿಕ್ಕಿರಲಿಲ್ಲ. ಬಾಗಿಲಿಲ್ಲದ ಕೋಣೆಯಲ್ಲಿ ಕುಳಿತಂತೆ ಅವಳು ಸುಮ್ಮನೆ ಹೊಲಿಗೆ ಬಿಚ್ಚುತ್ತಿದ್ದಳು.

ಮರುದಿನ ಮುಂಜಾನೆ ಊರ ಹೊರಗಿನ ತೋಟದ ಬಾವಿಯಲ್ಲಿ ಅವಳು ಹೊಲಿದ ಜೇಬುಗಳ ಪರೀಕ್ಷೆ. ದಿಲಾವರನ ಹಗ್ಗ ಹಿಡಿಯುವ ಜೊತೆಗಾರ ಮುತ್ತುರಾಜ ಮೇಲೆ ನಿಂತಿದ್ದ. ತಿಳಿನೀರಿನಲ್ಲಿ ದಿಲಾವರ ಮುಳುಗಿದ್ದೇ ತಡ, ಎರಡು ಕಾಲುಗಳೂ ಪಟಪಟನೆ ಮೇಲೆ ತೇಲಿದವು.

ಬಟ್ಟೆ ಯಾವ ಕಡೆ ಜೋಲುತ್ತದೆಂದು ನೋಡಿ ನೋಡಿ ಪಳಗಿದ ಕಣ್ಣು ಸಿದ್ದೀಕಾಳದು. ಅವನು ಮೇಲೆ ಬಂದಾಗ ಮೆಟ್ಟಿಲ ಮೇಲೆ ಕುಳಿತೇ ಹೇಳಿದಳು: "ಹೆಗಲಿಂದ ನಾಲ್ಕು ಕಿಲೋ ತಗೀರಿ. ಸೊಂಟದ ಹಿಂದ ನಾ ಹೊಲದ ಜೇಬಿಗೆ ಹಾಕ್ರಿ."

ಕಾಲು ಇಳಿಯಿತು, ಪೂರ್ತಿ ಅಲ್ಲ. ಎರಡೂ ಕಣಕಾಲಿಗೆ ಅರ್ಧರ್ಧ ಕಿಲೋ ಕಟ್ಟಿದಳು. ಈಗ ಕಾಲೇ ಭಾರವಾಗಿ, ಅವನು ಕುರ್ಚಿಯಲ್ಲಿ ಕುಂತವನಂತೆ ಕಂಡ.

"ಯಾರರ ಚಾ ತರ್ರಿ ಅಂತ ಕೇಳೂ ಹಂಗ ಕುಂತೀರಲ್ರಿ!" ಅವನು ನೀರಿನಿಂದ ತಲೆ ಎತ್ತುತ್ತಲೇ ಅವಳು ಅಂದಳು.

"ಕುಡಿಸಾವ್ರು ಇದ್ರ ಬ್ಯಾಡ ಅಂತೇನೇನು?"

ಅವಳ ಕಿವಿ ಬಿಸಿಯಾಯಿತು. ಸೊಂಟದಿಂದ ಒಂದು ಕಿಲೋ ತೆಗೆದು ಮತ್ತೆ ಹೆಗಲಿಗೆ ಏರಿಸಲು ಹೇಳಿದಳು. ಈ ಸಲ ದಿಲಾವರ ನೀರಿನ ನಡುವೆ ಮಟ್ಟಸವಾಗಿ ನಿಂತ. ಚಾಪೆ ಹಾಸಿದಂತೆ. ಕೈಕಾಲು ಆಡಿಸಲಿಲ್ಲ, ಏರಲಿಲ್ಲ, ಇಳಿಯಲಿಲ್ಲ. ಉಸಿರಿನ ಗುಳ್ಳೆಗಳಷ್ಟೇ ಮೇಲೆ ಬಂದವು. ಸಿದ್ದೀಕಾ ತನಗೆ ಗೊತ್ತಿಲ್ಲದೆ ತನ್ನ ಉಸಿರನ್ನೂ ಅದರ ಜೊತೆಗೇ ಬಿಡುತ್ತಿದ್ದಳು.

ಅವನು ಮೇಲೆ ಬರುವಷ್ಟರಲ್ಲಿ ಮುತ್ತುರಾಜ ಪಂಪಿನ ಮನೆಯತ್ತ ಹೋಗಿದ್ದ. ಸೂಟಿನ ಜಿಪ್ ಬೆನ್ನಿಗಿರುತ್ತದೆ. ತೊಟ್ಟವನಿಗೆ ತಾನೇ ತೆಗೆಯಲು ಬರುವುದಿಲ್ಲ.

"ಸಿಕ್ಕೊಂಡೇನಿ. ಸ್ವಲ್ಪ ಬಿಡಸ್ತೀರೇನ್ರಿ?"

ಅವಳು ಅವನ ಹಿಂದೆ ನಿಂತು ಈ ಹೆಗಲಿಂದ ಆ ಹೆಗಲಿಗೆ ಜಿಪ್ ಎಳೆದಳು. ಅವನ ಕುತ್ತಿಗೆಯ ಬೆವರು, ರಬ್ಬರಿನ ವಾಸನೆ. ಕೈ ಒಂದು ಕ್ಷಣ ಹೆಚ್ಚೇ ನಿಂತಿತು.

"ನಿಮ್ಮ ಮನ್ಯಾಗ ಯಾರಾರು ಅದಾರ್ರಿ?" ಅವನು ತಿರುಗದೆ ಕೇಳಿದ.

"ಅಪ್ಪಾ ಒಬ್ರು." ಜಿಪ್ಪಿನಿಂದ ಕೈ ತೆಗೆದು ಹೇಳಿದಳು, "ಬರೂ ತಿಂಗಳು ನನ್ನ ನಿಕಾಹ ಐತಿ. ನಮ್ಮ ಭಾವನ ಜೋಡಿ."

ಅವನ ಹೆಗಲು ಸಣ್ಣಗೆ ಬಿಗಿದದ್ದು ಅವಳಿಗೆ ಕಂಡಿತು.

"ನಿಮ್ಮ ಮನಸಿಗೆ ಬಂದೈತೇನ್ರಿ?"

"ಹಂಗಂತ ನನ್ನ ಯಾರೂ ಕೇಳಿಲ್ರಿ."

"ನಾ ಕೇಳಾಕತ್ತೇನಲ್ರಿ."

ಸಿದ್ದೀಕಾ ದಾರದ ಉಂಡೆ ಎತ್ತಿಕೊಂಡು ಹೊರಟುಬಿಟ್ಟಳು.

ಆದರೂ ಮಾರನೆಯ ದಿನ ಹೊಳೆಯ ದಂಡೆಯಲ್ಲಿದ್ದಳು. ಜೇಬಿನ ಹೊಲಿಗೆ ಹರಿದರೆ ಬೇಕಾಗುತ್ತದೆ ಎಂದು ಅಪ್ಪನಿಗೆ ಹೇಳಿ ಬಂದಿದ್ದಳು. ತನಗೂ ಅದನ್ನೇ ಹೇಳಿಕೊಂಡಿದ್ದಳು.

ದಿಲಾವರ ಇಳಿದ. ಮುತ್ತುರಾಜ ಹಗ್ಗವನ್ನು ಒಮ್ಮೆ ಜಗ್ಗಿದರೆ ಕೆಳಗಿಂದ ಒಮ್ಮೆ ಜಗ್ಗಬೇಕು. ಇಪ್ಪತ್ತು ನಿಮಿಷ ಹಾಗೇ ನಡೆಯಿತು. ಆಮೇಲೆ ಉತ್ತರ ನಿಂತಿತು. ಮುತ್ತುರಾಜ ಮತ್ತೆ ಜಗ್ಗಿದ. ಹಗ್ಗ ಕಲ್ಲಿಗೆ ಕಟ್ಟಿದಂತೆ ಬಿಗಿದಿತ್ತು.

"ಎಲ್ಲೋ ಸಿಕ್ಕಾನ. ಗಾಳಿ ಇನ್ನ ಹತ್ತು ನಿಮಿಷಕ್ಕೈತಿ," ಎಂದವನೇ ಮುತ್ತುರಾಜ ನೀರೆಳೆಯುವ ಪಂಪು ನಿಂತಿದೆಯೇ ಎಂದು ನೋಡಲು ಓಡಿದ. "ಹಗ್ಗಾ ಹಿಡೀರಿ ಅಕ್ಕಾ, ಜೋರ್ ಎಳೀಬ್ಯಾಡ್ರಿ."

ಸಿದ್ದೀಕಾ ಎರಡೂ ಕೈಯಲ್ಲಿ ಹಗ್ಗ ಹಿಡಿದು ನಿಂತಳು. ಕಂದು ನೀರಿನಲ್ಲಿ ಏನೂ ಕಾಣುತ್ತಿರಲಿಲ್ಲ. ಒಂದೇ ಕಡೆ ಗುಳ್ಳೆ ಏಳುತ್ತಿದ್ದವು. ನಿನ್ನೆ ಅವನು ಕೇಳಿದ ಮಾತಿಗೆ ಉತ್ತರ ಕೊಡದೆ ಬಂದೆನಲ್ಲ ಎಂಬ ಒಂದೇ ಯೋಚನೆ ಅವಳಿಗೆ. ಯಾ ಅಲ್ಲಾ, ಅವನು ಮೇಲೆ ಬರಲಿ, ಹೇಳುತ್ತೇನೆ.

ಏಳನೆಯ ನಿಮಿಷಕ್ಕೆ ಹಗ್ಗ ಅವಳ ಅಂಗೈಯಲ್ಲಿ ಮಿಡುಕಿತು. ಒಮ್ಮೆ.

ದಿಲಾವರ ಮೇಲೆ ಬಂದಾಗ ತುಟಿ ಬಿಳಿಚಿತ್ತು, ಕಾಲಿಗೆ ಮೀನಿನ ಹಳೆಯ ಬಲೆಯ ತುಂಡು ಸುತ್ತಿತ್ತು. "ಜಾಲರಿ ಬಿಡಸೂ ಹೊತ್ನ್ಯಾಗ ಕಾಲಿಗೆ ಬಲಿ ಬಿತ್ತು, ಹಗ್ಗಕ್ಕೂ ಸುತ್ತಿತು. ಮೊದಲಿನ ಹಂಗ ತಲಿಕೆಳಗ ಆಗಿದ್ರ ಕಾಲಿಗೆ ಕೈ ನಿಲುಕತಿದ್ದಿಲ್ರಿ. ಮಟ್ಟಸ ಇದ್ದೆ. ಕೆಸರೂ ಏಳಲಿಲ್ಲ. ಒಂದೊಂದ ಎಳಿ ನೋಡಿ ಕೊಯ್ದೆ." ನಗಲು ನೋಡಿದ. "ನಿಮ್ಮ ಜೇಬು ಗಟ್ಟಿ ಅದಾವ್ರಿ."

"ಬಂದಿಲ್ರಿ," ಎಂದಳು ಸಿದ್ದೀಕಾ.

"ಏನು?"

"ಮನಸಿಗೆ ಬಂದಿಲ್ಲ. ನಿನ್ನೆ ಕೇಳಿದ್ರಲ್ಲ."

ಅಲ್ಲೇ ದಂಡೆಯ ಮೇಲೆ ನಿಂತು ಸಿಂದಗಿಗೆ ಫೋನ್ ಹಚ್ಚಿದಳು.

"ಭಾವಾ, ನಿಮ್ಮ ಮಗಳು ನನ್ನ ಜೀವಾ. ಆದ್ರ ನನಗ ಈ ನಿಕಾಹ ಬ್ಯಾಡ."

ಆ ಕಡೆಯಿಂದ ಹನೀಫ ಹೇಳಿದ, "ನೀ ಹೂಂ ಅಂದಿ ಅಂದ್ರು."

"ನೀವ ಹೂಂ ಅಂದೀರಿ ಅಂದ್ರು ನನಗ."

"ಹುಮಾನ ಕುರ್ತಾ ನಿನಗ ಕಳಿಸಿದ ದಿನಾ ನಾ ಉಂಡಿಲ್ಲ, ಸಿದ್ದೀಕಾ." ಅವನ ದನಿ ಒಡೆದಿತ್ತು. "ನೀ ಹೇಳಿದ್ದು ಚಲೋ ಆತು. ನನಗ ಧೈರ್ಯ ಆಗಿದ್ದಿಲ್ಲ. ಅಮ್ಮಗ ನಾ ಹೇಳ್ತೇನಿ. ಮಗಳನ್ನ ಆಗಾಗ ನಿನ್ನ ಹತ್ರ ಬಿಡ್ತೇನಿ, ಬ್ಯಾಡ ಅನಬ್ಯಾಡ."

ಅಮೀನಾಬಿ ಒಂದು ತಿಂಗಳು ಮಾತು ಬಿಟ್ಟಳು. ಸಿದ್ದೀಕಾಳ ತಂದೆ ಬಂದಗಿಸಾಬ, "ನನಗ ಮೊದಲ ಹೇಳಬಾರದಿತ್ತೇನವಾ?" ಎಂದು ಒಂದು ದಿನವಿಡೀ ಅಂಗಳದಲ್ಲಿ ಕುಳಿತಿದ್ದ.

ದಿಲಾವರನ ತಾಯಿ ರೋಷನಬಿ ಅಗರಖೇಡದಿಂದ ಹೆಣ್ಣು ಕೇಳಲು ಬಂದ ದಿನ ಬಂದಗಿಸಾಬನ ಪಕ್ಕದಲ್ಲಿ ಕುಳಿತು ಮಾತಾಡಿದವನು ಹನೀಫನೇ. ಹುಡುಗನ ಕೆಲಸವೇನು, ವರ್ಷಕ್ಕೆ ಎಷ್ಟು ತಿಂಗಳು ಮನೆಯಲ್ಲಿರುತ್ತಾನೆ ಎಂದು ಹಿರಿಯಣ್ಣನಂತೆ ಒಂದೊಂದಾಗಿ ಕೇಳಿದ. ದಿಲಾವರ ಬೆವರಿದ.

ಸಿದ್ದೀಕಾಳ ತೊಡೆಯ ಮೇಲಿದ್ದ ಮಗು ಅವನನ್ನೇ ನೋಡುತ್ತಿತ್ತು. "ಅಬ್ಬಾ, ಇವರ್ಯಾರು?" ಎಂದು ತಂದೆಯನ್ನು ಕೇಳಿತು.

ಸಿದ್ದೀಕಾ ತಲೆ ತಗ್ಗಿಸಿದಳು. ಹನೀಫ ಎದ್ದು ಬಂದು ಮಗಳನ್ನು ಎತ್ತಿ ದಿಲಾವರನ ತೊಡೆಯ ಮೇಲೆ ಕೂಡಿಸಿದ.

"ನಿನ್ನ ಕಾಕಾ," ಎಂದ.