ಒಲೆ ಉರಿಯದ ಮಂಗಳವಾರ

ಬಾಗಿಲಿಗೆ ಬೀಗ ಹಾಕಿರಲಿಲ್ಲ. ಕಸ ಗುಡಿಸಲು ಬಂದ ವೀರಮ್ಮ, ಈ ದೊರೆಸ್ವಾಮಿಗೆ ಮರೆವು ಜಾಸ್ತಿಯಾಯಿತು ಎಂದು ಗೊಣಗಿಕೊಂಡೇ ಒಳಗೆ ಕಾಲಿಟ್ಟಳು. ಎರಡನೇ ಹೆಜ್ಜೆಗೆ ಪಾದಕ್ಕೆ ಏನೋ ಅಂಟಿತು. ಬಗ್ಗಿ ನೋಡಿದಳು. ಪೊರಕೆ ಕೈಯಿಂದ ಜಾರಿತು.

ದೊರೆಸ್ವಾಮಿ ಮೇಜಿನ ಪಕ್ಕ ಬೋರಲು ಬಿದ್ದಿದ್ದ. ತಲೆಯ ಹಿಂಭಾಗ ಒಡೆದಿತ್ತು. ಉಸಿರು ಮಾತ್ರ ಇನ್ನೂ ಆಡುತ್ತಿತ್ತು.

ಹನೂರು ಠಾಣೆಯ ಸಬ್ ಇನ್‌ಸ್ಪೆಕ್ಟರ್ ಶಿವರಂಜನಿ ಬರುವ ಹೊತ್ತಿಗೆ ಆಂಬುಲೆನ್ಸ್ ಅವನನ್ನು ಕೊಳ್ಳೇಗಾಲದ ಆಸ್ಪತ್ರೆಗೆ ಸಾಗಿಸಿತ್ತು. ಅವಳು ಬಾಗಿಲಲ್ಲೇ ನಿಂತು ಕೋಣೆಯನ್ನು ಎಡದಿಂದ ಬಲಕ್ಕೆ ಒಮ್ಮೆ, ಬಲದಿಂದ ಎಡಕ್ಕೆ ಒಮ್ಮೆ ನೋಡಿದಳು. ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಕಲಿತ ಅಭ್ಯಾಸ. ಮೊದಲು ನೋಡು, ಆಮೇಲೆ ಮುಟ್ಟು.

ಅದು 'ತಂಪುನೆಲ' ಎಂಬ ಸಂಸ್ಥೆಯ ಕಚೇರಿ; ದೊರೆಸ್ವಾಮಿ ಅಲ್ಲಿ ಲೆಕ್ಕ ಬರೆಯುವವನು. ಕಾಡಂಚಿನ ಹಳ್ಳಿಗಳಿಗೆ ಸೌದೆ ಉಳಿಸುವ ತಗಡಿನ ಒಲೆ ಹಂಚುವುದು ಅದರ ಕೆಲಸ. ಸೌದೆ ಉಳಿದಷ್ಟೂ ಇಂಗಾಲ ಉಳಿಯಿತು ಎಂದು ಸರ್ಟಿಫಿಕೇಟ್ ಪಡೆದು ಹೊರದೇಶದ ಕಂಪನಿಗಳಿಗೆ ಮಾರುತ್ತಿತ್ತು. ಗೋಡೆಯ ಮೇಲೆ ವಿಶ್ವಸಂಸ್ಥೆಯ ಅಭಿವೃದ್ಧಿ ಗುರಿಗಳ ಬಣ್ಣ ಬಣ್ಣದ ಚೌಕಗಳ ಪಟ. ಆರೋಗ್ಯ, ಮಹಿಳಾ ಸಮಾನತೆ, ಶುದ್ಧ ಇಂಧನ, ಉದ್ಯೋಗ. ಈ ಗುರಿಗಳೂ ಈಡೇರಿವೆ ಎಂದು ತೋರಿಸಿದರೆ ಸರ್ಟಿಫಿಕೇಟಿಗೆ ಬೆಲೆ ಹೆಚ್ಚು.

ಪಟದ ಕೆಳಗಿದ್ದ ಕಬ್ಬಿಣದ ಬೀರು ಹಾರೆಯಿಂದ ಮೀಟಿ ತೆರೆದಂತಿತ್ತು. ಒಳಗೆ ಖಾಲಿ. ಮೇಜಿನ ಮೇಲೆ ಮಾದರಿಗೆಂದು ಇಟ್ಟಿದ್ದ ಒಂದು ಒಲೆ. ಅದರ ಬಾಯೊಳಗೆ ಇರಬೇಕಾಗಿದ್ದ ಕಬ್ಬಿಣದ ಜಾಲರಿ ಇರಲಿಲ್ಲ.

ನೆಲದ ಮೇಲೆ ರಾಗಿ ಹಿಟ್ಟು ತೊಳಸುವ ಒಂದು ಮುದ್ದೆ ಕೋಲು. ತುದಿಗೆ ರಕ್ತ.

"ಇದು ಯಾರದ್ದು ವೀರಮ್ಮ?"

ವೀರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಸಿದ್ದೀದು ಕಣವ್ವ. ಪೋಡಿನ ಸಿದ್ದಿ. ನೆನ್ನೆ ಸಾಯಂಕಾಲ ತಂದಿದ್ಲು. ಇಲ್ಲೇ ರಾಗಿ ಇಟ್ಟು ತೊಳಸಿ ಜಗಳಾಡಿ ಒಂಟೋದ್ಲು."

ಶಿವರಂಜನಿ ಮಂಡಿಯೂರಿ ಕುಳಿತಳು. ಕೋಲಿನ ತುದಿಯಲ್ಲಿ ರಾಗಿ ಹಿಟ್ಟು ಒಣಗಿ ಗಾರೆಯಂತೆ ಹಿಡಿದಿತ್ತು. ರಕ್ತ ಅದರ ಮೇಲೆ. ಅವಳು ತುಂಬ ಹೊತ್ತು ನೋಡಿದಳು. ಕೋಲನ್ನು ಜೋಪಾನವಾಗಿ ಕಾಗದದಲ್ಲಿ ಸುತ್ತಿಸಿದಳು.

*

ಯೋಜನೆಯ ಮ್ಯಾನೇಜರ್ ರುದ್ರಸ್ವಾಮಿ ಕೊಳ್ಳೇಗಾಲದಿಂದ ಬಿಳಿ ಕಾರಿನಲ್ಲಿ ಧಾವಿಸಿ ಬಂದ. ಇಸ್ತ್ರಿ ಹಾಕಿದ ಅಂಗಿ, ನಿದ್ದೆಗೆಟ್ಟ ಕಣ್ಣು.

"ಬೀರುವಿನಲ್ಲಿ ಏನಿತ್ತು?"

"ಬಿಲ್ಲೆಗಳು ಮೇಡಂ. ಮೂವತ್ತು." ನಾಣ್ಯದಷ್ಟು ಅಗಲದ ಉಕ್ಕಿನ ಡಬ್ಬಿಯೊಂದರ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದ. "ಒಲೆಗೆ ಸಿಕ್ಕಿಸ್ತೀವಿ. ಒಲೆ ಎಷ್ಟು ಬಿಸಿಯಾಯ್ತು ಅಂತ ದಾಖಲೆ ಮಾಡುತ್ತೆ. ನಾಳೆ ಸರ್ಟಿಫಿಕೇಟಿಗೆ ಅಂತ ಪರಿಶೀಲನಾ ತಂಡ ಬರ್ತಿದೆ. ಬಿಲ್ಲೆ ಹೋದ್ರೂ ಚಿಂತೆ ಇಲ್ಲ, ಅಂಕಿ ಅಂಶ ಎಲ್ಲಾ ಕಂಪ್ಯೂಟರಿನಲ್ಲಿದೆ."

"ದೊರೆಸ್ವಾಮಿ ಹೇಗಿದ್ದಾನೆ ಅಂತ ನೀವು ಕೇಳಲಿಲ್ಲ."

ರುದ್ರಸ್ವಾಮಿ ಕಣ್ಣು ಪಿಳುಕಿಸಿದ. "ಆಸ್ಪತ್ರೆಗೆ ಫೋನ್ ಮಾಡಿದ್ದೆ. ಪಾಪ, ಯಳಂದೂರು ಕಡೆ ಅಗರದ ಹುಡುಗ. ಪೋಡಿನ ಒಲೆ ಲೆಕ್ಕ ನೋಡಿಕೊಳ್ಳೋಕೆ ಸಿದ್ದೀನ ಸಂಬಳಕ್ಕೆ ಇಟ್ಕೊಂಡಿದ್ವಿ, ಅವಳನ್ನ ಕೆಲಸದಿಂದ ತೆಗೀತೀವಿ ಅಂತ ಅವನೇ ಹೇಳಬೇಕಾಗಿತ್ತು. ಅದೇ ಸಿಟ್ಟು ಅವಳಿಗೆ."

"ನಿನ್ನೆ ನೀವು?"

"ನಾಲ್ಕು ಗಂಟೆಗೆ ಹೊರಟೆ. ಸೀದಾ ಕೊಳ್ಳೇಗಾಲ, ಮನೆ."

*

ಶಾಗ್ಯ ದಾಟಿ ಕಾಡಿನ ಕಡೆ ಮೂರು ಕಿಲೋಮೀಟರ್ ಹೋದರೆ ಸೋಲಿಗರ ಪೋಡು. ಮೂವತ್ತು ಮನೆ. ಏಪ್ರಿಲ್ ಬಿಸಿಲಿಗೆ ಜೀಪಿನ ಕಬ್ಬಿಣ ಮುಟ್ಟುವಂತಿರಲಿಲ್ಲ. ಹಿಂದೆಯೇ ಬಂದ ರುದ್ರಸ್ವಾಮಿಯ ಕಾರು ಪಕ್ಕದಲ್ಲಿ ನಿಂತಿತು. ಕಿಟಕಿ ಕೆಳಗಿಳಿಯಿತು. ತಣ್ಣನೆಯ ಗಾಳಿ ಶಿವರಂಜನಿಯ ಮುಂಗೈ ಸವರಿತು.

"ವಾಪಸ್ ಹೋಗುವಾಗ ಇದರಲ್ಲೇ ಬನ್ನಿ ಮೇಡಂ. ಬೇಸಿಗೇಲಿ ಎಸಿ ಇಲ್ಲದೆ ನಾನು ಈ ರಸ್ತೆಗೇ ಇಳಿಯಲ್ಲ."

"ಬೇಡ" ಎಂದು ಅವಳು ಇಳಿದಳು.

ಸಿದ್ದಿ ಅಂಗಳದಲ್ಲಿ ನಿಂತಿದ್ದಳು. ಮೂವತ್ತೈದರ ಆಸುಪಾಸು. ಓಡುವ ಸೂಚನೆ ಇರಲಿಲ್ಲ. ಪಕ್ಕದಲ್ಲಿ ಅವಳ ಸೋದರಮಾವ ಕೇತಯ್ಯ, ಪೋಡಿನ ಯಜಮಾನ. ಬಾಗಿಲ ಬಳಿ ತಗಡಿನ ಒಲೆ. ಅದರೊಳಗೆ ಕೋಳಿಯೊಂದು ಕಾವಿಗೆ ಕೂತಿತ್ತು.

"ನಿನ್ನೆ ದೊರೆಸ್ವಾಮಿ ಜೊತೆ ಜಗಳ ಆಡಿದೆಯಂತೆ?"

"ಆಡ್ದೆ ಕಣವ್ವ. ಸುಳ್ಯಾಕೇಳ್ಲಿ? ಒಂದ್ ಕಾಗ್ದ ಕೊಟ್ಟು ಸೈನ್ ಆಕು ಅಂದ. ಮೂವತ್ತೊಲೇನೂ ದಿನಾ ಎಲ್ಡೊತ್ತು ಉರ್ದವೆ ಅಂತ ಬರ್ದಿತ್ತು. ನಾನು ಮಡಕೆ ಕೋಲು ತಕಂಡೋಗಿ ಅವ್ನ ಮುಂದೇನೆ ಆ ಮೇಜಿನ್ ಒಲೆ ಮ್ಯಾಲೆ ರಾಗಿ ಇಟ್ಟು ತೊಳಸ್ದೆ. ನೋಡ್ಲಾ, ಒಲೆ ಎಂಗ್ ಕುಣೀತದೆ, ಮಡಕೆ ಎಂಗ್ ಉಳ್ಳಾಡ್ತದೆ ಅಂತ. ಈ ಒಲೆ ಮ್ಯಾಲೆ ಟೀ ಕಾಸ್ಬೌದು, ಇಟ್ಟು ತೊಳ್ಸಕ್ಕಾಗಲ್ಲ. ಒಲೆ ಮಾಡೋಕ್ ಮುಂಚೆ ಒಬ್ ಎಂಗ್ಸನ್ನೂ ಕೇಳ್ನಿಲ್ಲ ಇವ್ರು."

"ಮತ್ತೆ ಬಿಲ್ಲೆಗಳು?"

"ಸಂಕ್ರಾಂತಿ ಆದ್ಮೇಲೆ ರಿಪೇರಿ ಅಂತ ಬಿಚ್ಕಂಡೋದ್ರು. ತಿರ್ಗಾ ತರ್ನೇ ಇಲ್ಲ."

ರುದ್ರಸ್ವಾಮಿ ನಕ್ಕ. "ಕಥೆ ಕಟ್ಟುತ್ತಿದ್ದಾಳೆ. ಬಿಲ್ಲೆ ಬಿಚ್ಚಿದ್ದು ಏಪ್ರಿಲ್ ಒಂದಕ್ಕೆ, ಅಲ್ಲಿಯವರೆಗೂ ದಾಖಲೆ ಇದೆ ಮೇಡಂ." ಕಾರಿನಿಂದ ಪಟ್ಟಿ ತಂದುಕೊಟ್ಟ.

ಶಿವರಂಜನಿ ಹಾಳೆ ಮಗುಚಿದಳು. ಮನೆ ಮನೆಯ ಅಂಕಿ. ಬೆಳಿಗ್ಗೆ ಉರಿ, ಸಂಜೆ ಉರಿ. ಒಂದು ದಿನವೂ ತಪ್ಪಿಲ್ಲ.

"ಅದ್ನೇ ಕೇಳಿ ಅವ್ವ" ಸಿದ್ದಿ ಹೇಳಿದಳು. "ಮಾರ್ಚ್ ಅನ್ನೊಂದ್ನೇ ತಾರೀಕು ಏನ್ ಬರ್ದವ್ನೆ ನೋಡಿ. ಮಂಗಳವಾರ."

"ಮೂವತ್ತು ಒಲೆಯೂ ಉರಿದಿವೆ. ಎರಡು ಹೊತ್ತು."

ಕೇತಯ್ಯನ ಮುಖ ಗಂಟಿಕ್ಕಿತು. "ಅವತ್ತು ಕೋಳಿ ಕೂಗೋ ಒತ್ಗೆ ನಮ್ಮವ್ವ ತೀರೋದ್ಲು. ಯಳಂದೂರ್ ಕಡೆ ಬೆಟ್ಟದಿಂದ ನೆಂಟ್ರು ಬರೋತಂಕ ಎಣ ಎತ್ನಿಲ್ಲ. ಬುದ್ವಾರ ಮದ್ದಿನ್ಕೆ ಮಣ್ ಮಾಡಿದ್ದು. ಎಣ ಎತ್ತೋಗಂಟ ಈ ಪೋಡ್ನಲ್ಲಿ ಯಾರೂ ಒಲೆ ಅಚ್ಚಲ್ಲ. ಮಕ್ಳಿಗೂವೆ ಆಚೆ ಪೋಡಿಂದ ಅಂಬ್ಲಿ ಬಂತು. ಯಾವನ್ಲಾ ನಮ್ ಒಲೆ ಅಚ್ಚಿದ್ದು?"

"ಇದನ್ನ ದೊರೆಸ್ವಾಮಿಗೆ ಹೇಳಿದೆಯಾ ಸಿದ್ದಿ?"

"ಏಳ್ದೆ. ಅವ್ನ ಮೊಕ ಬಿಳ್ಚ್ಕಂತು. ನಾಳಿದ್ದು ಬರೋರಿಗೆ ನಾನೇ ನಿಜ ಏಳ್ತೀನಿ ಸಿದ್ದಕ್ಕ, ನೀನ್ ಓಗು ಅಂದ. ಇಟ್ ಮಡಕೆ ಎತ್ಕಂಡು ಐದೂವರೆ ಬಸ್ಸತ್ತಿ ಬಂದೆ. ಕೋಲು ಅಲ್ಲೇ ಮರ್ತೆ."

ಅಷ್ಟರಲ್ಲಿ ಕೆಳಗಿನ ದಾರಿಯಿಂದ ಕಾನ್‌ಸ್ಟೆಬಲ್ ಮಹದೇವಪ್ಪ ಕೂಗಿದರು. "ಮೇಡಂ! ಇಲ್ಲಿ ಬನ್ನಿ!"

ಸಿದ್ದಿಯ ಮನೆಯ ಹಿಂದೆ, ದಾರಿ ಪಕ್ಕದ ತಗ್ಗಿನಲ್ಲಿ ತಿಪ್ಪೆಗುಂಡಿ. ಹೊಸ ಬೂದಿ. ಸೀಮೆಎಣ್ಣೆಯ ವಾಸನೆ. ಮಹದೇವಪ್ಪ ಕಡ್ಡಿಯಿಂದ ಕೆದಕಿದಂತೆ ಕಪ್ಪಾದ ಉಕ್ಕಿನ ಬಿಲ್ಲೆಗಳು ಒಂದೊಂದಾಗಿ ಮೇಲೆ ಬಂದವು.

"ಇನ್ನೇನು ಬೇಕು ಮೇಡಂ?" ರುದ್ರಸ್ವಾಮಿ ಎರಡೂ ಕೈ ಚೆಲ್ಲಿದ. "ಕೋಲು ಅವಳದು, ಗುಂಡಿ ಅವಳದು."

ಸಿದ್ದಿ ಶಿವರಂಜನಿಯ ಎದುರಿಗೆ ಬಂದು ನಿಂತಳು. "ಯಾರೋ ತಂದ್ ಸುರ್ದವ್ರೆ ಅವ್ವ. ನಾನ್ ಒಳಗೋದ್ರೆ ನಾಳೆ ಬರೋರ್ ಮುಂದೆ ನಮ್ ಮಾತ ಯಾರ್ ಏಳೋರು?"

"ಜೀಪು ಹತ್ತು ಸಿದ್ದಿ" ಎಂದಳು ಶಿವರಂಜನಿ.

ಕೇತಯ್ಯ ಅಡ್ಡ ನಿಂತ. ಅವಳು ಅವನ ಕಣ್ಣನ್ನೇ ನೋಡಿ ಮೆಲ್ಲನೆ ಹೇಳಿದಳು. "ನೀವೂ ಬನ್ನಿ ಯಜಮಾನ್ರೆ. ರುದ್ರಸ್ವಾಮಿಯವರೇ, ನೀವೂ. ನಿಮ್ಮ ಕಚೇರಿಗೇ ಹೋಗೋಣ."

*

ಮಧ್ಯಾಹ್ನ ಎರಡು ಗಂಟೆ. ತಗಡಿನ ಚಾವಣಿಯ ಕೋಣೆ ಕುದಿಯುತ್ತಿತ್ತು. ದೊರೆಸ್ವಾಮಿಗೆ ಇನ್ನೂ ಎಚ್ಚರವಾಗಿಲ್ಲ ಎಂದು ಆಸ್ಪತ್ರೆಯಿಂದ ಫೋನು ಬಂದಿತ್ತು.

ಶಿವರಂಜನಿ ಮೊದಲು ಕಾಗದ ಬಿಚ್ಚಿ ಕೋಲನ್ನು ಮೇಜಿನ ಮೇಲಿಟ್ಟಳು.

"ವೀರಮ್ಮ, ಒಣಗಿದ ಹಿಟ್ಟು ಹಿಡಿದ ಕೋಲನ್ನ ಕಲ್ಲಿಗೆ ಒಂದೇಟು ಹಾಕಿದರೆ ಏನಾಗುತ್ತೆ?"

"ಚಕ್ಕೆ ಚಕ್ಕೆ ಏಳ್ತದೆ ಕಣವ್ವ. ನೆನೆಯಾಕ್ದೆ ತೊಳ್ಯೋ ಸೋಂಬೇರ್ಗಳು ಅಂಗೇ ಮಾಡೋದು."

"ನೋಡಿ. ಒಂದು ಬಿರುಕೂ ಇಲ್ಲ. ನೆಲದ ಮೇಲೆ ಒಂದು ಚೂರೂ ಇರಲಿಲ್ಲ. ತಲೆ ಒಡೆಯುವ ಹಾಗೆ ಈ ಕೋಲಿನಲ್ಲಿ ಯಾರೂ ಹೊಡೆದಿಲ್ಲ. ಹಿಟ್ಟು ಒಣಗಿದ ಮೇಲೆ ಇದನ್ನ ರಕ್ತಕ್ಕೆ ಅದ್ದಿದ್ದಾರೆ. ಒಂದು ದಿನವಾದರೂ ಮುದ್ದೆ ಕೋಲು ತೊಳೆದವರು ಈ ತಪ್ಪು ಮಾಡುತ್ತಿರಲಿಲ್ಲ."

ರುದ್ರಸ್ವಾಮಿ ಕರ್ಚೀಫು ತೆಗೆದ. "ಹಾಗಾದರೆ ಬಿಲ್ಲೆಗಳನ್ನ ಸುಟ್ಟಿದ್ದು?"

"ಅವು ಉಳಿದರೆ ಲಾಭ ಯಾರಿಗೆ? ಸಿದ್ದಿಗೆ. ಬಿಲ್ಲೆ ಬಿಚ್ಚಿಕೊಂಡು ಹೋದರು ಅನ್ನೋ ಅವಳ ಮಾತಿಗೆ ಅವೇ ಸಾಕ್ಷಿ. ಅವಳು ಯಾಕೆ ಸುಡಬೇಕು?" ಅವಳು ಜೇಬಿನಿಂದ ಎರಡು ಬಿಲ್ಲೆ ತೆಗೆದಳು. "ಇಪ್ಪತ್ತೆಂಟು ಹಾಳಾಗಿವೆ. ರಾಶಿಯ ಅಡಿಯಲ್ಲಿದ್ದ ಈ ಎರಡು ಬರೀ ಬೆಚ್ಚಗಾಗಿದ್ದವು. ಉರಿ ಮೇಲಕ್ಕೆ ಹೋಗುತ್ತೆ, ತಳದ ಮಣ್ಣು ತಣ್ಣಗಿರುತ್ತೆ."

ದೊರೆಸ್ವಾಮಿಯ ಮೇಜಿನ ಮೇಲೆ ಬಿಲ್ಲೆ ಓದುವ ಸಾಧನವಿತ್ತು. ಅವಳು ಒಂದನ್ನು ಅದರೊಳಗೆ ಕೂರಿಸಿದಳು. ಪರದೆಯ ಮೇಲೆ ಗೆರೆಯೊಂದು ಎಳೆದುಕೊಳ್ಳತೊಡಗಿತು.

"ಈ ಬಿಲ್ಲೆಗೆ ಸ್ವಿಚ್ ಇಲ್ಲ. ಒಲೆಯಲ್ಲಿರಲಿ, ಬೀರುವಿನಲ್ಲಿರಲಿ, ಹತ್ತು ನಿಮಿಷಕ್ಕೊಮ್ಮೆ ತಾನಿರುವ ಜಾಗದ ಬಿಸಿಯನ್ನ ಬರೆದುಕೊಳ್ಳುತ್ತಲೇ ಇರುತ್ತೆ. ನೋಡಿ. ಜನವರಿ ಕೊನೆಯಿಂದ ಒಂದೇ ಸಮ. ಹಗಲು ಮೂವತ್ತು, ಮೂವತ್ತೈದು ಡಿಗ್ರಿ. ಬೀರುವಿನ ಬಿಸಿ. ಒಲೆಯ ಬಿಸಿ ಒಂದು ದಿನವೂ ಇಲ್ಲ. ನಿಮ್ಮ ಪಟ್ಟಿಯ ಅಂಕಿಗಳು ಈ ಮೇಜಿನ ಮೇಲೆ ಹುಟ್ಟಿದವು."

"ಅದು ದೊರೆಸ್ವಾಮಿ ಕೆಲಸ. ನನಗೇನು ಗೊತ್ತು?"

"ಇರಬಹುದು. ನಿನ್ನೆಗೆ ಬರೋಣ." ಅವಳ ಬೆರಳು ಗೆರೆಯ ಕೊನೆಗೆ ಸರಿಯಿತು. "ಸಂಜೆ ಆರೂ ಐವತ್ತರವರೆಗೆ ಮೂವತ್ತಮೂರು ಡಿಗ್ರಿ. ಆಗ ಸಿದ್ದಿ ಪೋಡಿನಲ್ಲಿದ್ದಳು, ಬಸ್ಸಿನ ಕಂಡಕ್ಟರನ್ನು ಮಹದೇವಪ್ಪ ವಿಚಾರಿಸಿದ್ದಾರೆ. ಏಳು ಗಂಟೆಗೆ ಇದ್ದಕ್ಕಿದ್ದಂತೆ ಇಳಿಯಿತು. ಇಪ್ಪತ್ತೊಂದು. ಏಳೂ ಮೂವತ್ತರವರೆಗೂ ಇಪ್ಪತ್ತೊಂದು. ಆಮೇಲೆ ಬೆಂಕಿಯ ಕಾವು. ಹನೂರಿನಿಂದ ಪೋಡಿಗೆ ಅರ್ಧ ಗಂಟೆ ದಾರಿ. ಏಪ್ರಿಲ್ ತಿಂಗಳಲ್ಲಿ ಈ ದಾರಿಯಲ್ಲಿ ಇಪ್ಪತ್ತೊಂದು ಡಿಗ್ರಿ ಎಲ್ಲಿ ಸಿಗುತ್ತೆ ರುದ್ರಸ್ವಾಮಿಯವರೇ?"

ಅವನು ಬಾಗಿಲ ಕಡೆ ನೋಡಿದ. ಅಲ್ಲಿ ಕೇತಯ್ಯ ನಿಂತಿದ್ದ.

"ಕಾರಿನ ಕೀ ಕೊಡಿ."

ಮಹದೇವಪ್ಪ ಡಿಕ್ಕಿ ತೆರೆದರು. ಸ್ಟೆಪ್ನಿ ಚಕ್ರದ ಅಡಿಯಲ್ಲಿ ಗೋಣಿ ಚೂರು. ಗೋಣಿಯಲ್ಲಿ ಮಾದರಿ ಒಲೆಯ ಜಾಲರಿ. ತೊಳೆದಿದ್ದರೂ ಕಂಬಿಗಳ ಸಂದಿಯಲ್ಲಿ ಕಂದು ಕಲೆ ಉಳಿದಿತ್ತು.

ರುದ್ರಸ್ವಾಮಿ ಕುರ್ಚಿ ಎಳೆದು ಕುಳಿತ.

"ನಾಲ್ಕು ಗಂಟೆಗೆ ಹೋದವನು ವಾಪಸ್ ಬಂದೆ" ಅಂದ. "ದೊರೆಸ್ವಾಮಿ ಫೋನ್ ಮಾಡಿದ್ದ, ಎಲ್ಲಾ ಹೇಳಿಬಿಡ್ತೀನಿ ಅಂತ. ಬೇಡ ಕಣೋ ಅಂತ ಕಾಲು ಹಿಡಿಯೋದೊಂದು ಬಾಕಿ. ಪೋಡು ಫೇಲಾದರೆ ನಲವತ್ತು ಹಳ್ಳಿಯ ಯೋಜನೆ ನಿಲ್ಲುತ್ತೆ ಮೇಡಂ. ಅಲ್ಲೆಲ್ಲಾ ಒಲೆ ನಿಜವಾಗಿ ಉರೀತಿದೆ. ಹೊಗೆ ಕಮ್ಮಿಯಾಗಿದೆ. ಒಳ್ಳೇದನ್ನ ಉಳಿಸೋಣ ಅಂತ..."

"ಒಳ್ಳೇದಕ್ಕೆ ಒಬ್ಬನ ತಲೆ ಒಡೆದು, ಇನ್ನೊಬ್ಬಳನ್ನ ಜೈಲಿಗೆ ಕಳಿಸಲು ಹೊರಟಿರಿ. ಬೀರು ಕೀ ನಿಮ್ಮ ಹತ್ತಿರ ಇದ್ದರೂ ಹಾರೆ ಹಾಕಿದಿರಿ, ಕಳ್ಳತನ ಅಂತ ಕಾಣಲಿ ಎಂದು. ಪೋಡಿನವರನ್ನ ಒಂದು ಮಾತು ಕೇಳಿದ್ದರೆ ಆ ಒಲೆಯನ್ನ ಆರು ತಿಂಗಳ ಹಿಂದೆಯೇ ಸರಿಮಾಡಬಹುದಿತ್ತು."

ಸಂಜೆ ದೊರೆಸ್ವಾಮಿ ಕಣ್ಣುಬಿಟ್ಟ. ಕೇಳುವ ಮೊದಲೇ ಮ್ಯಾನೇಜರನ ಹೆಸರು ಹೇಳಿದ. ಪಟ್ಟಿ ಬರೆದವನು ತಾನೇ ಎಂಬುದನ್ನೂ ಹೇಳಿದ.

*

ಮರುದಿನ ಪರಿಶೀಲನಾ ತಂಡ ಪೋಡಿಗೆ ಬಂತು. ಮುಖ್ಯಸ್ಥೆ ಸುನಿತಾ ಮರದ ನೆರಳಲ್ಲಿ ಕುಳಿತು ಕಡತ ಬಿಚ್ಚಿದರು. ಶಿವರಂಜನಿ ಸ್ವಲ್ಪ ದೂರದಲ್ಲಿ ನಿಂತಿದ್ದಳು. ಹೆಂಗಸರೆಲ್ಲ ಸೇರಿದ್ದರು.

ಈಗ ಸಿದ್ದಿ ಏನು ಹೇಳಿದರೂ ಅದೇ ದಾಖಲೆ. ನಿಜ ಹೇಳಿದರೆ ಅವಳ ಸಂಬಳವೂ ನಿಲ್ಲುತ್ತದೆ. ಅದು ಶಿವರಂಜನಿಗೆ ಗೊತ್ತಿತ್ತು. ಸಿದ್ದಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು.

"ದಿನಾ ಬಳಸೋ ಮನೆ ಎಷ್ಟಮ್ಮ?" ಸುನಿತಾ ಕೇಳಿದರು.

ಸಿದ್ದಿ ಬೆರಳು ಮಡಚಿ ಎಣಿಸಿದಳು.

"ನಾಕು."

"ಮೂವತ್ತರಲ್ಲಿ?"

"ಊಂ ಕಣವ್ವ. ಅದ್ರಲ್ಲಿ ಎಲ್ಡು ಬಾಣಂತೀರ್ ಮನೆ, ಬಿಸ್ನೀರ್ ಕಾಯ್ಸಕ್ಕೆ." ಅವಳು ಸೆರಗು ಸಿಕ್ಕಿಸಿಕೊಂಡು ಎದ್ದಳು. "ಕೂತ್ಕಂಡ್ ಬರ್ಕಬ್ಯಾಡಿ. ಬನ್ನಿ, ಒಂದೊಂದ್ ಮನೇನೂ ತೋರ್ಸ್ತೀನಿ."

ಸುನಿತಾ ಕ್ಷಣ ಯೋಚಿಸಿದರು. ಅಚ್ಚುಹಾಕಿಸಿ ತಂದಿದ್ದ ಹಾಳೆಯನ್ನು ಕಡತದಿಂದ ಕಿತ್ತು ಪಕ್ಕಕ್ಕಿಟ್ಟರು. ಖಾಲಿ ಹಾಳೆಯೊಂದನ್ನು ಹಿಡಿದು, ಆಗಲೇ ಮೊದಲ ಮನೆಯ ತಡಿಕೆ ಸರಿಸುತ್ತಿದ್ದ ಸಿದ್ದಿಯ ಹಿಂದೆ ನಡೆದರು.