ಕುರ್ಚಿ ಎಳೀಬೇಡಿ, ಡಾಕ್ಟ್ರೇ!

“ನಿಮಗೆ ಕ್ಯಾನ್ಸರ್ ಇದೆ. ತುಂಬಾ ಹರಡಿದೆ.”

ನಿಂತಲ್ಲೇ, ಫೈಲಿನಿಂದ ಕಣ್ಣೆತ್ತದೆ, ಕಲ್ಲು ಎಸೆದ ಹಾಗೆ ಹೇಳಿಬಿಟ್ಟ ಆ ಹೊಸ ಡಾಕ್ಟರ್! ಅವಳು ಬಿಕ್ಕಿ ಬಿಕ್ಕಿ ಅತ್ತಳು. ಅವನು ಬೆವರಿ ನೀರಾದ.

ಟಣ್ ಎಂದು ಗಂಟೆ ಹೊಡೆಯಿತು. ಥಟ್ಟನೆ ಕಣ್ಣೊರೆಸಿಕೊಂಡು ನಕ್ಕಳು!

ಅದು ಪರೀಕ್ಷೆ. ಕೆಟ್ಟ ಸುದ್ದಿಯನ್ನು ಡಾಕ್ಟರುಗಳು ಹೇಗೆ ಹೇಳುತ್ತಾರೆಂದು ನೋಡುವ ಪರೀಕ್ಷೆ. ಅವಳು ನಾಟಕದ ಹುಡುಗಿ. ರೋಗಿಯಾಗಿ ನಟಿಸಿ ಅಂಕ ಕೊಡುವುದು ಅವಳ ಕೆಲಸ.

“ಅಲ್ರೀ ಪುಣ್ಯಾತ್ಮ, ಬಸ್ಸು ಹೊರಟುಹೋಯ್ತು ಅನ್ನೋ ಹಾಗೆ ಹೇಳ್ತೀರಲ್ಲ! ಫೇಲು.”

ಫೇಲಾದವನು ಮರುದಿನವೇ ಬಂದ. “ನೀವೇ ಕಲಿಸಿಕೊಡಿ.”

ಕಲಿಸಿದಳು. “ಮೊದಲು ಬಾಗಿಲು ಮುಚ್ಚಿ. ಮೊಬೈಲ್ ಆಫ್ ಮಾಡಿ. ಕುರ್ಚಿ ಹತ್ತಿರ ಎಳ್ಕೊಂಡು ಕೂತ್ಕೊಳ್ಳಿ. ಎಷ್ಟು ಗೊತ್ತಿದೆ ಅಂತ ಕೇಳಿ, ಆಮೇಲೆ ಹೇಳಿ. ಏನೇ ಆದ್ರೂ ನೀವು ಮಾತ್ರ ಅಳಬೇಡಿ.”

ಅವನು ನೂರು ಸಲ ಹೇಳಿದ, ಅವಳು ನೂರು ಸಲ ಅತ್ತಳು. ಪಾಸಾದ ಮೇಲೂ ಅವನು ಬರುವುದು ನಿಲ್ಲಿಸಲಿಲ್ಲ... ಇವಳಿಗೂ ಅದೇ ಬೇಕಿತ್ತು! ಬಾಯಿಬಿಟ್ಟು ಮಾತ್ರ ಇಬ್ಬರೂ ಹೇಳಲಿಲ್ಲ.

ಆಮೇಲೆ ಅವಳಿಗೆ ಹೊಟ್ಟೆನೋವು ಶುರುವಾಯಿತು. ಅವನೇ ಒತ್ತಾಯಿಸಿ ತನ್ನ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿಸಿದ. ಅವತ್ತಿನಿಂದ ಫೋನ್ ಎತ್ತಲಿಲ್ಲ.

‘ನನ್ನ ಸಹವಾಸ ಸಾಕಾಯ್ತೇನೋ...’ ಕೊನೆಗೆ ಸಿಟ್ಟು ನೆತ್ತಿಗೇರಿ ಅವನ ಕೋಣೆಗೇ ನುಗ್ಗಿದಳು.

“ಬೇಡವಾದ್ರೆ ಮುಖ ನೋಡಿ ಹೇಳಿ! ಹೀಗೆ ತಪ್ಪಿಸ್ಕೊಂಡು ಓಡಾಡ್ಬೇಡಿ!”

ಅವನು ಎದ್ದು ಬಾಗಿಲು ಮುಚ್ಚಿದ. ಅವಳನ್ನು ಕೂರಿಸಿದ. ಮೊಬೈಲ್ ಆಫ್ ಮಾಡಿದ. ಕುರ್ಚಿಗೆ ಕೈ ಹಾಕಿದ.

ಅವಳು ಆ ಕೈಯನ್ನೇ ನೋಡಿದಳು. ಅಯ್ಯೋ... ಇದೆಲ್ಲ ತಾನೇ ಕಲಿಸಿದ್ದು!

“ಬೇಡ... ಕುರ್ಚಿ ಎಳೀಬೇಡಿ, ಡಾಕ್ಟ್ರೇ! ಅವತ್ತಿನ ಹಾಗೆ ನಿಂತೇ ಹೇಳಿ... ತಪ್ಪಾಗೇ ಹೇಳಿ!”

ಎಳೆದು ಕೂತೇಬಿಟ್ಟ. “ನಿಂಗೆ... ಎಷ್ಟು ಗೊತ್ತು...” ಅವಳ ಮಡಿಲಿಗೆ ತಲೆಯಿಟ್ಟು ಮಗುವಿನ ಹಾಗೆ ಅತ್ತುಬಿಟ್ಟ.

“ಹರಡಿದ್ಯಾ?”

“ಹೂಂ.”

“ವಾಸಿ...?”

“ಆಗಲ್ಲ ಕಣೇ...”

ಪರೀಕ್ಷೆ ಮುಗಿಸುವ ಆ ಗಂಟೆಗಾಗಿ ಅವಳು ಕಿವಿಗೊಟ್ಟಳು. ಗಂಟೆ ಹೊಡೆದಿದ್ದರೆ ಕಣ್ಣೊರೆಸಿಕೊಂಡು ಮನೆಗೆ ಹೋಗಬಹುದಿತ್ತು. ಹೊಡೆಯಲಿಲ್ಲ.

“ಅಳಬೇಡಿ ಅಂದಿದ್ದೆ. ಮತ್ತೆ ಫೇಲು ನೀವು.”

“ಆಗ್ಲಿ ಬಿಡು. ಡಾಕ್ಟರಾಗಿ ಕೂತಿಲ್ಲ ನಾನು. ನಿನ್ನ ಪ್ರೀತಿಸ್ತೀನಿ... ಮೊದಲ ದಿನದಿಂದ.”

“ಒಳ್ಳೆ ಸುದ್ದಿ ಹೇಳೋಕೂ ಬರಲ್ಲವಲ್ಲ ನಿಮಗೆ! ಇಷ್ಟು ತಡವಾಗಿಯಾ...”

ಅವಳು ಅವನ ಕೂದಲಲ್ಲಿ ಬೆರಳಾಡಿಸಿದಳು.

“ನೂರು ಸಲ ನಟಿಸಿದೀನಿ ಕಣ್ರೀ... ಆದ್ರೂ ಭಯ ಆಗ್ತಿದೆ. ಎದ್ದು ಹೋಗ್ಬೇಡಿ.”

“ಎಲ್ಲಿಗೂ ಹೋಗಲ್ಲ ಕಣೇ.”